ಹಳೆಯ ವಿಜ್ಞಾನ ಕಥೆಗಳಲ್ಲಿ ಸಲಿಂಗಿ ಪಾತ್ರಗಳಿದ್ದವೇ?

1970ರ ದಶಕದವರೆಗಿನ ಇಂಗ್ಲಿಷ್ ವಿಜ್ಞಾನ ಕಥೆಗಳಲ್ಲಿ ಸಲಿಂಗಿ ಪಾತ್ರಗಳಿದ್ದವೇ, ಇದ್ದರೆ ಲೇಖಕರು ಅವನ್ನು ಗೌರವದಿಂದ ಕಂಡರೇ ಎಂದು ನೀವು ಕೇಳಿದ್ದೀರಿ. ಇದ್ದವು, ಆದರೆ ಬಹುಮಟ್ಟಿಗೆ ಮರೆಯಲ್ಲಿದ್ದವು. ಹೀಗೆ ಮರೆಯಲ್ಲಿ ಬದುಕಬೇಕಾದ ಸಂಕಟವನ್ನೇ ಕಥೆಯಾಗಿಸಿದ ಥಿಯೊಡೋರ್ ಸ್ಟರ್ಜನ್ ಅವರಿಂದಲೇ ಉತ್ತರವನ್ನು ಆರಂಭಿಸಬೇಕೆಂದು ನನಗೆ ತೋರುತ್ತದೆ.

ಅವರ ‘ದಿ ವರ್ಲ್ಡ್ ವೆಲ್ ಲಾಸ್ಟ್’ ಪ್ರಕಟವಾದದ್ದು 1953ರ ಜೂನ್‌ನಲ್ಲಿ. ಆಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಸಲಿಂಗಕಾಮ ಶಿಕ್ಷಾರ್ಹ ಅಪರಾಧವಾಗಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶ ಸಲಿಂಗಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಲು ದಾರಿ ಮಾಡಿಕೊಟ್ಟಿತ್ತು. ಕಥೆಯಲ್ಲಿ, ಅನ್ಯಗ್ರಹದಿಂದ ಓಡಿಬಂದ ಪ್ರೇಮಿಗಳ ಜೋಡಿಯೊಂದನ್ನು ಭೂಮಿಯ ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ಆ ಗ್ರಹದವರು ಇವರು ಅಪರಾಧಿಗಳೆಂದು ಹೇಳಿ ವಾಪಸು ಕೇಳಿದಾಗ, ರೂಟ್ಸ್ ಎಂಬ ಮಾತುಗಾರ ಕ್ಯಾಪ್ಟನ್ ಮತ್ತು ಅವನ ಮಿತಭಾಷಿ ಸಹಾಯಕ ಗ್ರಂಟಿ ಇಬ್ಬರೇ ಅವರನ್ನು ಹೊತ್ತೊಯ್ಯುತ್ತಾರೆ. ಕೈದಿಗಳು ತನ್ನ ಮನಸ್ಸನ್ನು ಓದಬಲ್ಲರೆಂದು ತಿಳಿದೊಡನೆ, ತನ್ನ ಗುಟ್ಟು ಹೊರಬೀಳುವ ಭಯದಿಂದ ಗ್ರಂಟಿ ಅವರನ್ನು ಕೊಲ್ಲಲು ಹೊರಡುತ್ತಾನೆ. ಆಗ ಅವರು ಚಿತ್ರ ಬರೆದು ತಾವು ಯಾರೆಂದು ತಿಳಿಸುತ್ತಾರೆ: ಅವರ ಗ್ರಹದಲ್ಲಿ ಗಂಡು ಹೆಣ್ಣುಗಳ ರೂಪವೇ ಬೇರೆ ಬೇರೆ, ಇವರಿಬ್ಬರೋ ಒಂದೇ ಲಿಂಗದವರು. ಗ್ರಂಟಿ ಅವರನ್ನು ಜೀವರಕ್ಷಕ ನೌಕೆಯಲ್ಲಿ ಬಿಟ್ಟುಬಿಡುತ್ತಾನೆ. ಸಂಗತಿ ತಿಳಿದ ರೂಟ್ಸ್ ಹೇಸಿಕೊಳ್ಳುತ್ತಾನೆ. ಆ ರೂಟ್ಸ್‌ನನ್ನೇ ಗ್ರಂಟಿ ಪ್ರೀತಿಸುತ್ತಿರುವುದು. ಕಥೆಯ ನಿಜವಾದ ಸಲಿಂಗಿ ಪಾತ್ರ ಅನ್ಯಗ್ರಹದವರಲ್ಲ, ತಾನು ಪ್ರೀತಿಸುವವನ ಪಕ್ಕದಲ್ಲೇ ಬಾಯಿಮುಚ್ಚಿ ಬದುಕುವ ಈ ಮನುಷ್ಯ ಎಂದು ನಾನು ತಿಳಿಯುತ್ತೇನೆ.

ಇದಾದ ಹನ್ನೆರಡು ವರ್ಷಗಳ ಮೇಲೆ, 1965ರಲ್ಲಿ ಬಂದ ಫ್ರಾಂಕ್ ಹರ್ಬರ್ಟ್ ಅವರ ‘ಡ್ಯೂನ್’ನಲ್ಲಿ ಸಲಿಂಗ ಕಾಮನೆ ಎದ್ದು ಕಾಣುವುದು ಕ್ರೂರಿ ಖಳನಾಯಕ ಬ್ಯಾರನ್ ಹಾರ್ಕೊನೆನ್‌ನಲ್ಲಿ, ಅಷ್ಟು ದೊಡ್ಡ ಕಾದಂಬರಿಯ ಈ ಸಣ್ಣತನ ನನಗೆ ಇಂದಿಗೂ ನೋವು ತರುತ್ತದೆ. ಉರ್ಸುಲಾ ಲೆ ಗ್ವಿನ್ ಅವರ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಕಾದಂಬರಿಯ ಜನರಿಗೆ ಸ್ಥಿರವಾದ ಲಿಂಗವೇ ಇಲ್ಲ, ಆದರೂ ಅಲ್ಲಿನ ಪ್ರಣಯ ಗಂಡು-ಹೆಣ್ಣಿನ ಚೌಕಟ್ಟಿನಲ್ಲೇ ಉಳಿಯಿತು, ಅದು ಅನಗತ್ಯವಾಗಿತ್ತೆಂದು ಲೇಖಕಿಯೇ ಮುಂದೆ ಒಪ್ಪಿಕೊಂಡರು.

ಮುಚ್ಚುಮರೆಯನ್ನು ಪೂರ್ತಿ ಕಿತ್ತೊಗೆದವರು ಜೊಆನಾ ರಸ್. 1972ರ ‘ವೆನ್ ಇಟ್ ಚೇಂಜ್ಡ್’ ಕಥೆಯ ಗ್ರಹದಲ್ಲಿ ಗಂಡಸರು ಸಾಂಕ್ರಾಮಿಕ ರೋಗದಲ್ಲಿ ಅಳಿದು ಶತಮಾನಗಳೇ ಕಳೆದಿವೆ. ನಿರೂಪಕಿ ಜಾನೆಟ್‌ಗೆ ಕೇಟಿ ಎಂಬ ಹೆಂಡತಿಯಿದ್ದಾಳೆ, ಮಕ್ಕಳಿದ್ದಾರೆ, ದಾಂಪತ್ಯದ ಎಂದಿನ ಕಿರಿಕಿರಿಗಳೂ ಇವೆ. ಭೂಮಿಯಿಂದ ಬಂದಿಳಿದ ಗಂಡಸೊಬ್ಬ, ಸುತ್ತಲೂ ಹೆಂಗಸರು ನಿಂತಿರುವಾಗಲೇ, ನಿಮ್ಮ ಜನರೆಲ್ಲ ಎಲ್ಲಿ ಎಂದು ಕೇಳುತ್ತಾನೆ. ಆ ಬದುಕನ್ನು ಅವನು ಕಾಣಲಾರದೆ ಹೋಗುವುದನ್ನು ಇದಕ್ಕಿಂತ ಮೊನಚಾಗಿ ಹೇಳಲು ಸಾಧ್ಯವಿಲ್ಲ. ಈ ಕಥೆಗೆ ವಿಜ್ಞಾನ ಕಥೆಗಳ ಪ್ರಮುಖ ಪ್ರಶಸ್ತಿಯಾದ ನೆಬ್ಯುಲಾ ಬಂದಿತು.

ಸ್ವತಃ ಸಲಿಂಗಿಯಾದ ಸ್ಯಾಮ್ಯುಯೆಲ್ ಡಿಲೇನಿ ಅವರ 1967ರ ‘ಆಯ್, ಅಂಡ್ ಗೊಮೊರಾ’ ಕಥೆಯನ್ನೂ ತಪ್ಪದೆ ಓದಿ. ಆರ್ಥರ್ ಸಿ. ಕ್ಲಾರ್ಕ್ 1975ರ ‘ಇಂಪೀರಿಯಲ್ ಅರ್ತ್’ ಕಾದಂಬರಿಯ ಹೊತ್ತಿಗೆ, ನಾಯಕ ಡಂಕನ್ ಗಂಡನ್ನೂ ಹೆಣ್ಣನ್ನೂ ಪ್ರೀತಿಸಿದ್ದನ್ನು ವಿಶೇಷವೇ ಅಲ್ಲವೆಂಬಂತೆ ಬರೆದರು. ಎಲ್ಲವನ್ನೂ ಓದುವಷ್ಟು ಸಮಯವಿಲ್ಲದಿದ್ದರೆ ಸ್ಟರ್ಜನ್ ಮತ್ತು ರಸ್ ಅವರ ಎರಡು ಕಥೆಗಳನ್ನು ಬೆನ್ನುಬೆನ್ನಿಗೆ ಓದಿ, ಎರಡೂ ಚಿಕ್ಕವು.