ಓದುಗರ ಪ್ರಶ್ನೆ: ಗೈಡ್ಸ್ ಸೇರಿ ವರ್ಷ ಆತು, ಮಗಳು ಏನ್ ಕಲ್ತಳು?

ಈ ಸಲ ಬಂದ ಪತ್ರಗಳಾಗ ಅರ್ಧಕ್ಕರ್ಧ ಗೈಡ್ಸ್, ಅಂದ್ರ ಸ್ಕೌಟ್ಸ್ ಅಂಡ್ ಗೈಡ್ಸಿನ ಹುಡುಗ್ಯಾರ ವಿಭಾಗ, ಅದರ ಬಗ್ಗೇನ ಅದಾವ. ಸಾಲಿ ಶುರುವಾಗೋ ಟೈಮಲ್ಲೇನ್ರಿ, ಯೂನಿಫಾರ್ಮ್ ಹೊಲಿಸ್ರಿ ಅಂತ ಚೀಟಿ ಮನಿಗೆ ಬಂದಿರ್ತೈತಿ. ನಾನು ಕೊಪ್ಪಳ ಕಡೆ ಸರ್ಕಾರಿ ಹೈಸ್ಕೂಲಿನ್ಯಾಗ ಗೈಡ್ ಕ್ಯಾಪ್ಟನ್, ಅಂದ್ರ ಈ ಹುಡುಗ್ಯಾರನ್ನ ನಡೆಸೋ ಟೀಚರ್, ಆಗಿದ್ದಕ್ಕ ಸಂಪಾದಕರು ಎಲ್ಲಾನೂ ನನ್ನ ಕಡೆ ದಬ್ಬಿದಾರ. ಆತು, ಕುಂತು ಬರೀತೀನಿ.

*ಪ್ರಶ್ನೆ: ಅಕ್ಕಾರ, ಮಗಳು ಎಂಟನೇ ಕ್ಲಾಸು, ಗೈಡ್ಸ್ ಸೇರಿ ಒಂದ್ ವರ್ಷ ಆತು. ವಾರಕ್ಕೊಮ್ಮೆ ಸ್ಕಾರ್ಫ್ ಹಾಕ್ಕೊಂಡು ಹೋಗ್ತಾಳ, ಬಂದ ಮ್ಯಾಲೆ ಹಗ್ಗದ ತುಂಡು ಹಿಡ್ಕೊಂಡು ಮಂಚದ ಕಾಲಿಗೆ ಗಂಟು ಹಾಕ್ಕೋತ ಕೂಡ್ತಾಳ. ದೊಡ್ಡ ಸರ್ಟಿಫಿಕೇಟು ಒಂದೂ ಬಂದಿಲ್ಲ. ವರ್ಷಿಡೀ ಏನ್ ಮಾಡಿಸ್ತೀರಿ ನೀವು? (ಒಬ್ಬ ತಾಯಿ, ಗಂಗಾವತಿ)*

ನಿಮ್ಮ ಸಿಟ್ಟು ಖರೇನ ಐತ್ರಿ, ಯಾಕಂದ್ರ ಮನಿಯವರಿಗೆ ಯಾರೂ ಕುಂದ್ರಿಸಿ ಹೇಳಂಗಿಲ್ಲ. ಮೊದಲನೇ ಮೂರು ತಿಂಗಳು ಪ್ರವೇಶ ಅಂತ. ಪ್ರತಿಜ್ಞೆ, ಒಂಬತ್ತು ನಿಯಮ, ಮೂರು ಬೆರಳಿನ ಸೆಲ್ಯೂಟು, ಎಡಗೈ ಕೊಟ್ಟು ಕುಲುಕೋದು, ಧ್ವಜ ಕಟ್ಟೋದು, ಮನ್ಯಾಗ ದಿನಾ ಒಂದು ಒಳ್ಳೆ ಕೆಲಸ ಮಾಡಿ ಡೈರ್ಯಾಗ ಬರಿಯೋದು, ಇಷ್ಟಾದ ಮ್ಯಾಲೆ ದೀಕ್ಷೆ ಕೊಟ್ಟು ಬ್ಯಾಡ್ಜು ಹಚ್ತೀವಿ. ಆಮ್ಯಾಲೆ ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಅದರ ಮ್ಯಾಲೆ ರಾಜ್ಯ ಪುರಸ್ಕಾರ, ಕಡೀಕ ರಾಷ್ಟ್ರಪತಿ ಪುರಸ್ಕಾರ. ಒಂದೊಂದು ಮೆಟ್ಟಿಲಿಗೂ ತಿಂಗಳುಗಟ್ಟಲೆ ಹಿಡೀತೈತಿ, ಅದಕ್ಕ ಒಂದು ವರ್ಷಕ್ಕ ಪ್ರಥಮ ಸೋಪಾನ ದಾಟಿದ್ರ ನಿಮ್ಮ ಹುಡುಗಿ ಸರಿಯಾದ ಸ್ಪೀಡಿನ್ಯಾಗೇ ಹೊಂಟಾಳ ಅಂತ ತಿಳ್ಕೊಳ್ರಿ.

ಮಂಚದ ಕಾಲಿಗೆ ಹಾಕೋದು ಬಹುತೇಕ ಕ್ಲೋವ್ ಹಿಚ್ ಅನ್ನೋ ಗಂಟು ಇರಬೇಕು, ಟೆಂಟಿನ ಗೂಟಕ್ಕ, ಬಿದಿರಿಗೆ ಹಗ್ಗ ಕಟ್ಟೋವಾಗ ಅದ ಬೇಕು. ಒಮ್ಮೆ ರೀಫ್ ನಾಟ್ ಹಾಕಿ ತೋರ್ಸು ಅನ್ರಿ ಅಕಿಗೆ. ಬಲದ ತುದಿ ಎಡದ ಮ್ಯಾಲೆ, ತಿರುಗಿ ಎಡದ್ದು ಬಲದ ಮ್ಯಾಲೆ, ಜಗ್ಗಿದ್ರ ಚಪ್ಪಟೆಯಾಗಿ ಕುಂದರ್ತೈತಿ, ಎರಡೂ ಸಲ ಒಂದ ಕಡೆ ಹಾಕಿದ್ರ ಜಾರ್ತೈತಿ. ಗಾಯಕ್ಕ ಬ್ಯಾಂಡೇಜ್ ಕಟ್ಟೋದು, ಮುರಿದ ಕೈಗೆ ಜೋಳಿಗೆ ಹಾಕೋದು ಎಲ್ಲಾ ಈ ಗಂಟಿನ ಮ್ಯಾಲೇ ನಿಂತೈತಿ, ಚಪ್ಪಟೆ ಇರೋದಕ್ಕ ಮೈಗೆ ಒತ್ತಂಗಿಲ್ಲ. ಅದಕ್ಕ ಮಂಚಕ್ಕ ಕಟ್ಲಿ ಬಿಡ್ರಿ.

ಆದ್ರ ಗಂಟು, ಬ್ಯಾಡ್ಜು ಮೇಲಿನ ಮಾತು. ಒಳಗಿನ ಮಾತು ಪೆಟ್ರೋಲ್ ಅಂತೀವಲ್ಲ, ಆರರಿಂದ ಎಂಟು ಹುಡುಗ್ಯಾರ ಗುಂಪು, ಅದರಾಗ ಐತಿ. ಗೈಡ್ಸ್ ಪೆಟ್ರೋಲಿಗೆ ಹೂವಿನ ಹೆಸರು, ಮಲ್ಲಿಗೆ, ಕಮಲ, ಸೂರ್ಯಕಾಂತಿ ಹಿಂಗ. ಪ್ರತಿ ಪೆಟ್ರೋಲಿಗೆ ಒಬ್ಬ ಲೀಡರ್, ಅಕಿಗೆ ಒಬ್ಬ ಸೆಕೆಂಡ್. ಲೀಡರ್‌ಗಳೆಲ್ಲ ಸೇರಿ ಕೂಡೋ ಮೀಟಿಂಗಿಗೆ ಕೋರ್ಟ್ ಆಫ್ ಆನರ್ ಅಂತೀವಿ, ಮುಂದಿನ ತಿಂಗಳು ಏನ್ ಮಾಡಬೇಕು, ರೊಕ್ಕ ಎಷ್ಟೈತಿ, ಯಾರು ತಪ್ಪು ಮಾಡಿದ್ರು, ಅಲ್ಲಿ ಹುಡುಗ್ಯಾರ ತೀರ್ಮಾನ ಮಾಡ್ಬೇಕು, ಕ್ಯಾಪ್ಟನ್ ಸಲಹೆ ಕೊಡಬೇಕಷ್ಟ. ನಾ ಕಂಡಂಗ ಭಾಳ ಕಡೆ ಇದ ನಡಿಯಂಗಿಲ್ಲ, ಟೀಚರ್ ಹೇಳ್ತಾರ, ಹುಡುಗ್ಯಾರು ಹೂಂ ಅಂತಾರ. ಅಂಥ ಕಂಪನ್ಯಾಗ (ಸಾಲಿ ಪೆಟ್ರೋಲ್‌ಗಳೆಲ್ಲ ಕೂಡಿದ ತಂಡಕ್ಕ ಕಂಪನಿ ಅಂತೀವಿ) ವರ್ಷಗಟ್ಟಲೆ ಇದ್ರೂ ಹುಡುಗಿ ಪರೇಡ್ ಬಿಟ್ಟು ಏನೂ ಕಲಿಯಂಗಿಲ್ಲ.

ಹೋದ ವರ್ಷದ್ದೊಂದು ಹೇಳ್ತೀನಿ. ಕೊಪ್ಪಳದ ಗವಿಮಠದ ಬೆಟ್ಟ, ಪಾಲ್ಕಿಗುಂಡು ಎರಡೂ ಕಡೆ ಅಶೋಕನ ಶಾಸನ ಅದಾವಲ್ರಿ, ಪಾಲ್ಕಿಗುಂಡಿಗೆ ಹೈಕ್ ಹೋಗಿದ್ವಿ, ಕಂಪಾಸು, ಕೈಲೇ ಬರೆದ ಮ್ಯಾಪು ಹಿಡ್ಕೊಂಡು. ಅರ್ಧ ದಾರ್ಯಾಗ ನೀರಿನ ಕ್ಯಾನ್ ಹೊರೋದಕ್ಕ ಜಗಳ ಹತ್ತಿತು. ಲೀಡರ್ ಹುಡುಗಿ ಬೆರಳು ಮಾಡಿ ನೀ ಹೊರು, ಈಗ ನೀ ಹೊರು ಅನ್ಕೋತ ಖಾಲಿ ಕೈಲೆ ಮುಂದ ಹೊಂಟಿದ್ಲು. ಎಲ್ಲಾರಕಿಂತ ಸಣ್ಣಾಕಿ ಕ್ಯಾನು ನೆಲಕ್ಕಿಟ್ಟು "ಲೀಡರಿಗೆ ಕೈ ಇಲ್ಲೇನು?" ಅಂದ್ಲು. ನಾ ಬಾಯಿ ಬಿಡ್ಲಿಲ್ಲ, ಬಿಡಬೇಕು ಅನ್ನಿಸ್ತು, ಆದ್ರೂ ಬಿಡ್ಲಿಲ್ಲ. ಲೀಡರ್ ಮಾರಿ ಕೆಂಪಗಾತು, ಬಂದು ಇನ್ನೊಂದು ಕಡೆ ಹಿಡಿಕಿ ಹಿಡಿದ್ಲು. ಮುಂದಿನ ವಾರ ಡ್ಯೂಟಿ ಚಾರ್ಟ್ ಬರ್ಕೊಂಡು ಬಂದ್ಲು, ನೀರು ಹೊರೋದ್ರಾಗ ಮೊದಲನೇ ಹೆಸರು ಅಕಿದ. ಇದಕ್ಕ ಸರ್ಟಿಫಿಕೇಟ್ ಎಲ್ಲಿಂದ ಕೊಡ್ಲಿ ಹೇಳ್ರಿ.

ಉಳಿದದ್ದು ಜಲ್ದಿ ಹೇಳ್ತೀನಿ: ಆಗಸ್ಟ್ 15ರ ಸ್ವಾತಂತ್ರ್ಯ ದಿನ, ಆಮ್ಯಾಲೆ ನವೆಂಬರ್ 7ಕ್ಕ ನಮ್ಮ ಸಂಸ್ಥಾಪನಾ ದಿನ, ಅವತ್ತು ಧ್ವಜದ ಸ್ಟಿಕರ್ ಮಾರೋದು, ಗವಿಸಿದ್ದೇಶ್ವರ ಜಾತ್ರ್ಯಾಗ ದಾಸೋಹದ ಕಡೆ ನೀರು ಕೊಡೋದು, ತಪ್ಪಿಸ್ಕೊಂಡ ಸಣ್ಣ ಹುಡುಗರನ್ನ ಮೈಕ್ ಹಂತೇಕ ಮುಟ್ಟಿಸೋದು, ಫೆಬ್ರವರಿ 22ಕ್ಕ ಜಗತ್ತಿನ ಗೈಡ್ಸ್ ಎಲ್ಲಾ ಆಚರಿಸೋ ಥಿಂಕಿಂಗ್ ಡೇ. ನಿಮ್ಮ ಮಗಳಿಗೆ "ಎಷ್ಟು ಬ್ಯಾಡ್ಜ್ ಬಂತು" ಅನ್ನೋ ಬದ್ಲು "ನಿಮ್ಮ ಪೆಟ್ರೋಲಿನ್ಯಾಗ ಈ ವಾರ ಯಾರು ಬಂದಿಲ್ಲ, ಯಾಕ" ಅಂತ ಕೇಳ್ರಿ. ಉತ್ತರ ಬಂತಂದ್ರ ಕಂಪನಿ ನೆಟ್ಟಗೈತಿ.

*ಪ್ರಶ್ನೆ: ಮೇಡಮ್ಮರ, ಮಗಳನ್ನ ಮೂರು ರಾತ್ರಿ ಕ್ಯಾಂಪಿಗೆ ಕಳಸ್ರಿ ಅಂತಾರ. ಮನ್ಯಾಗ ನಮ್ಮವ್ವ ಬ್ಯಾಡ ಅಂತಾಳ, ನನಗೂ ಅಂಜಿಕಿ. ಕಳಸ್ಲೋ ಬ್ಯಾಡೋ? (ಒಬ್ಬ ತಂದಿ, ಸಿಂಧನೂರು)*

ಅಂಜಿಕಿ ಇರಬೇಕ್ರಿ, ಇಲ್ಲದಿದ್ರ ಪ್ರಶ್ನೆ ಕೇಳಂಗಿಲ್ಲ ನೀವು. ಒಪ್ಪಿಗೆ ಪತ್ರಕ್ಕ ಸುಮ್ನ ಸೈನ್ ಹಾಕಬ್ಯಾಡ್ರಿ. ಸಾಲಿಗೆ ಹೋಗಿ ಕೇಳ್ರಿ, ಜೋಡಿ ಹೋಗೋ ಹೆಣ್ಣುಮಕ್ಕಳು ಎಷ್ಟು ಮಂದಿ, ರಾತ್ರಿ ಹುಡುಗ್ಯಾರು ಮಲಗೋ ಕಡೆ ಯಾರು ಮಲಗ್ತಾರ, ಶೌಚಾಲಯಕ್ಕ ಬಾಗಲಾ ಚಿಲಕ ಲೈಟು ನೀರು ಅದಾವೋ ಇಲ್ಲೋ, ಮುಟ್ಟಾದ್ರ ಪ್ಯಾಡು ಯಾರ ಹಂತೇಕ ಇರ್ತಾವ, ಹತ್ರದ ದವಾಖಾನಿ ಯಾವುದು, ಬಸ್ಸು ಯಾವುದು, ಫೋನ್ ಯಾರಿಗೆ ಹಚ್ಬೇಕು. ಇಷ್ಟಕ್ಕೂ ಮುಖ ಸಿಂಡರಿಸ್ದಂಗ ಉತ್ತರ ಕೊಟ್ರ ಕಳಸ್ರಿ, "ಏನೂ ಆಗಂಗಿಲ್ಲ ಬಿಡ್ರಿ" ಅಂತ ಹಾರಿಸಿದ್ರ ಬ್ಯಾಡ. ಏಪ್ರಿಲ್ ಮೇನಾಗ ರಾಯಚೂರು ಕಡೆ ಬಯಲಾಗ ಟೆಂಟ್ ಹೊಡಿತೀವಿ ಅಂದ್ರಂತೂ ನಾನ ಕಳ್ಸಂಗಿಲ್ಲ, ಆ ಬಿಸಿಲಾಗ ಕ್ಯಾಂಪ್ ಅಂದ್ರ ಹುಚ್ಚಾಟ, ನಮ್ಮ ಕಡೆ ಕ್ಯಾಂಪಿಗೆ ಡಿಸೆಂಬರ್ ಜನವರಿ ಚಲೋ.

ನಿಮ್ಮವ್ವಗ ಒಂದು ಕೆಲಸಾ ಕೊಡ್ರಿ. ಮೊಮ್ಮಗಳಿಗೆ ಮೂರು ಕಲ್ಲಿನ ಒಲ್ಯಾಗ ಅನ್ನ ಸಾರು ಮಾಡೋದು ಕಲಸು ಅನ್ರಿ, ದ್ವಿತೀಯ ಸೋಪಾನಕ್ಕ ಬಯಲಡಗಿ ಬೇಕಾಗ್ತೈತಿ, ಗ್ಯಾಸಿನ ಮ್ಯಾಲೆ ಕಲ್ತ ಈಗಿನ ಹುಡುಗ್ಯಾರಿಗೆ ಉರಿ ಹದ ತಿಳಿಯಂಗಿಲ್ಲ. ಮುದುಕಿ ತಾನ ಟ್ರಂಕ್ ತುಂಬಿಸಿ ಕಳಸ್ತಾಳ ನೋಡ್ರಿ.

*ಪ್ರಶ್ನೆ: ಅಕ್ಕಾ, ನಾನು ಒಂಬತ್ತನೇ ಕ್ಲಾಸು, ಪೆಟ್ರೋಲ್ ಲೀಡರ್. ನಮ್ಮ ಪೆಟ್ರೋಲಿನ ಒಬ್ಬಾಕಿ ಹತ್ತಿ ಬಿಡಿಸಾಕ ಹೊಂಟಾಳ, ಮೀಟಿಂಗಿಗೆ ಬರಂಗಿಲ್ಲ. ಇನ್ನೊಬ್ಬಾಕಿಗೆ ಗಂಡು ನೋಡಾಕ ಹತ್ಯಾರ, ಯಾರಿಗೂ ಹೇಳಬ್ಯಾಡ ಅಂದಾಳ. ನಾ ಏನ್ ಮಾಡ್ಲಿ? (ಊರ ಹೆಸರು ಬ್ಯಾಡ)*

ತಂಗಿ, ಎರಡನೇದು ಮೊದಲು. ಹದಿನೆಂಟು ತುಂಬದ ಹುಡುಗಿ ಮದುವಿ 2006ರ ಕಾಯ್ದೆ ಪ್ರಕಾರ ಅಪರಾಧ, ಮಾಡಿಸಿದ ದೊಡ್ಡವರಿಗೆ ಜೈಲು, ಹುಡುಗಿಗೆ ಏನೂ ಶಿಕ್ಷೆ ಇಲ್ಲ. ಇದನ್ನ ಅಕಿಗೂ ಹೇಳು, ಅಂಜಿಕಿ ಅರ್ಧ ಇಳೀತೈತಿ. ಗುಟ್ಟು ಇಡ್ತೀನಿ ಅಂದಿದ್ರೂ ಈ ಗುಟ್ಟು ಇಡಬ್ಯಾಡ. ನಿಮ್ಮ ಕ್ಯಾಪ್ಟನ್‌ಗೆ ಹೇಳು, ಅವರು ಹೂಂ ಊಹೂಂ ಅಂದ್ರ ಹೆಡ್‌ಮಾಸ್ಟರಿಗೆ, ಅಲ್ಲೂ ಆಗ್ಲಿಲ್ಲಂದ್ರ ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚು, ಅದು ಫ್ರೀ, ರಾತ್ರಿ ಹಗಲು ಇರ್ತೈತಿ. ತಾಲೂಕಿನ್ಯಾಗ ಸಿಡಿಪಿಓ, ಅಂದ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರ ಆಫೀಸ್ ಐತಲ್ಲ, ಇದನ್ನ ನಿಲ್ಲಿಸೋ ಅಧಿಕಾರ ಅವರಿಗೈತಿ. ನೀ ಮಾತ್ರ ಒಬ್ಬಾಕೇ ಅವರ ಮನಿಗೆ ಹೋಗಿ ಅವರಪ್ಪಗ ಬುದ್ಧಿ ಹೇಳಾಕ ನಿಲ್ಲಬ್ಯಾಡ, ಅದು ದೊಡ್ಡವರ ಕೆಲಸ.

ಹತ್ತಿ ಬಿಡಿಸೋ ಹುಡುಗಿದು ಬ್ಯಾರೆ. ಅವರ ಮನಿ ಪಗಾರ ಅದು, ಬಾ ಬಾ ಅಂತ ಬೈದ್ರ ಬರಂಗಿಲ್ಲ. ನಿಮ್ಮ ಪೆಟ್ರೋಲ್ ಸಂಜಿಗೆ ಅಕಿ ಓಣ್ಯಾಗ ಒಂದು ತಾಸು ಸೇರಬಹುದೋ ನೋಡ್ರಿ, ಆ ವಾರದ ಗಂಟು, ಫಸ್ಟ್ ಏಯ್ಡ್ ಅಲ್ಲೇ ಕಲಸ್ರಿ, ಸಾಲಿ ನೋಟ್ಸೂ ಕೊಡ್ರಿ. ಹೊಲದಾಗ ಚೇಳು, ಹಾವು ಇರ್ತಾವ, ಅಕಿಗೇ ಅದು ಮೊದಲು ಬೇಕಾಗಿದ್ದು: ಹಾವು ಕಚ್ಚಿದ್ರ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಕಾಲು ಅಲ್ಲಾಡಿಸದಂಗ ಇಟ್ಟು ಸೀದಾ ದವಾಖಾನಿಗೆ. ಮತ್ತ ಹಾಜರಿ ಪುಸ್ತಕದಾಗಿಂದ ಅಕಿ ಹೆಸರು ಹೊಡದು ಹಾಕಬ್ಯಾಡ್ರಿ. ಅದನ್ನ ಕೋರ್ಟ್ ಆಫ್ ಆನರಿನ್ಯಾಗ ನೀನ ಎದ್ದು ಹೇಳು. ಹತ್ತಿ ಮುಗಿದ ಮ್ಯಾಲೂ ಅಕಿ ಸಾಲಿಗೆ ಬರ್ಲಿಲ್ಲಂದ್ರ ಕ್ಲಾಸ್ ಟೀಚರಿಗೆ ಹೇಳು.

*ಪ್ರಶ್ನೆ: ಇದೆಲ್ಲಾ ಇಂಗ್ಲಿಷರು ಬಿಟ್ಟುಹೋದ ಕವಾಯತು, ನಮ್ಮ ಹೆಣ್ಣುಮಕ್ಕಳಿಗೆ ಯಾಕ ಬೇಕು? (ನಿವೃತ್ತ ಮಾಸ್ತರರು, ಬಳ್ಳಾರಿ)*

ಸರ್, ಹುಟ್ಟಿದ್ದು ಅಲ್ಲೇ, ಸುಳ್ಳಲ್ಲ. ಆದ್ರ 1909ರಾಗ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನ್ಯಾಗ ಸ್ಕೌಟ್ ಹುಡುಗರ ರ‍್ಯಾಲಿ ನಡದಾಗ ಹುಡುಗ್ಯಾರು ಕರೀದನ ಬಂದು ನಿಂತು ನಮಗೂ ಬೇಕು ಅಂದ್ರಂತ, ಆಮ್ಯಾಲೆ 1910ಕ್ಕ ಗೈಡ್ಸ್ ಶುರುವಾಗಿ ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ ಅವರ ತಂಗಿ ಆಗ್ನೆಸ್ ನಡೆಸಿದ್ರು. ಹಿಂದುಸ್ತಾನದಾಗ ಮೊದಲ ಗೈಡ್ ಕಂಪನಿ 1911ರಾಗ ಜಬಲ್ಪುರದಾಗ. ಶುರುವಿನ್ಯಾಗ ಸ್ಕೌಟಿಂಗಿಗೆ ನಮ್ಮ ಮಕ್ಕಳನ್ನ ಸೇರಿಸ್ಕೋತಿರ್ಲಿಲ್ಲ, ಅದಕ್ಕ ಆನಿ ಬೆಸೆಂಟರು ಮದ್ರಾಸಿನ್ಯಾಗ ಬ್ಯಾರೇ ಸ್ಕೌಟ್ ಸಂಘ ಕಟ್ಟಿದ್ರು, ದೊಡ್ಡಬಳ್ಳಾಪುರದ ತರಬೇತಿ ಕೇಂದ್ರಕ್ಕ ಅವರ ಹೆಸರ ಐತಿ. ಸ್ವಾತಂತ್ರ್ಯ ಬಂದ ಮ್ಯಾಲೆ 1950ರ ನವೆಂಬರ್ 7ಕ್ಕ ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆತು, ಗರ್ಲ್ ಗೈಡ್ಸ್ ಕೂಡಿದ್ದು 1951ರ ಆಗಸ್ಟ್ 15ಕ್ಕ. ಕವಾಯತಿನ ವಿಷಯಕ್ಕ ನಾ ನಿಮ್ಮ ಕಡೆನ: ಮಂತ್ರಿಗಳು ಬರ್ತಾರ ಅಂತ ಹುಡುಗ್ಯಾರನ್ನ ಬಿಸಿಲಾಗ ತಾಸುಗಟ್ಟಲೆ ನಿಲ್ಲಿಸೋ ಚಾಳಿಗೆ ನನ್ನದೂ ವಿರೋಧ ಐತಿ, ಹೇಳಿದ್ರ ಮ್ಯಾಲಿನವರು ಮುನಿಸ್ಕೋತಾರ, ಮುನಿಸ್ಕೊಳ್ಲಿ.

*ಪ್ರಶ್ನೆ: ನಮ್ಮ ಸಾಲ್ಯಾಗ ಗೈಡ್ಸ್ ಇಲ್ಲ. ಶುರು ಮಾಡೋದು ಹೆಂಗ? (ಶಿಕ್ಷಕಿ, ಸಿರುಗುಪ್ಪ)*

ಸ್ಕೌಟ್ಸ್ ಅಂಡ್ ಗೈಡ್ಸಿನ ಜಿಲ್ಲಾ ಸಂಸ್ಥೆ ಆಫೀಸಿಗೆ ಹೋಗಿ ಬೇಸಿಕ್ ಕೋರ್ಸಿಗೆ ಹೆಸರು ಬರಸ್ರಿ, ಅದು ಮುಗಿದ ಮ್ಯಾಲೆ ಕಂಪನಿ ನೋಂದಣಿ. ಹೆಚ್ಚಂದ್ರ 32 ಹುಡುಗ್ಯಾರು, ನಾಲ್ಕು ಪೆಟ್ರೋಲ್, ಅದಕ್ಕಿಂತ ಜಾಸ್ತಿ ತುರುಕಬ್ಯಾಡ್ರಿ. ಹತ್ತು ವರ್ಷದೊಳಗಿನವರಿಗೆ ಬುಲ್‌ಬುಲ್ ಬ್ಯಾರೆ ಐತಿ. ಮಾರ್ಕ್ಸ್ ಚಲೋ ಇರೋರನ್ನ ಅಷ್ಟ ಆರಿಸೋ ಕೆಲಸ ಮಾತ್ರ ಮಾಡಬ್ಯಾಡ್ರಿ, ಹಿಂದಿನ ಬೆಂಚಿನವರನ್ನೂ ಕರೀರಿ. ಯೂನಿಫಾರ್ಮಿಗೆ ರೊಕ್ಕ ಇಲ್ಲದವರಿಗೆ ಹೋದ ವರ್ಷದವರದು ಕೊಡಿಸ್ರಿ, ಎಲ್ಲಾರ ಮುಂದ ಅಲ್ಲ.

*ಪ್ರಶ್ನೆ: ತಂಗಿ ಆರನೇ ಕ್ಲಾಸು, ಗೈಡ್ಸ್‌ನಿಂದ ಅಕಿಗೆ ನೌಕರಿ ಸಿಗ್ತೈತೇನ್ರಿ? (ಒಬ್ಬ ಅಣ್ಣ, ಮಾನ್ವಿ)*

ರೈಲ್ವೆನ್ಯಾಗ ಸ್ಕೌಟ್ಸ್ ಅಂಡ್ ಗೈಡ್ಸ್ ಕೋಟಾ ಐತಿ, ಸೀಟು ಕೈಬೆರಳಿನ್ಯಾಗ ಎಣಿಸುವಷ್ಟು, ಅದಕ್ಕ ರಾಷ್ಟ್ರಪತಿ ಪುರಸ್ಕಾರದ ಮಟ್ಟಕ್ಕ ಹೋಗಿರಬೇಕು. ತಂಗಿ ಈಗ ಆರನೇ ಕ್ಲಾಸು ಅಂತೀರಿ. ಮೊದ್ಲು ಅಕಿ ಟೆಂಟ್ ಹೊಡಿಯೋದು ಕಲೀಲಿ ತಡೀರಿ.