ಆಸ್ಪತ್ರೆಯಲ್ಲಿದ್ದೇನೆ

ಗಂಡಸಾಗಿ ನರ್ಸ್ ಕೆಲಸ ಮಾಡುವುದರಿಂದ ಮದುವೆ ಕೂಡಿಬರುತ್ತಿಲ್ಲ ಎಂಬ ಅಳಲು ಹೊತ್ತ ಮೂರನೆಯ ಯುವಕ ಈ ವರ್ಷ ಸಲಹೆ ಕೇಳಿ ನನ್ನ ಮುಂದೆ ಕುಳಿತದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು 29. ಬಿಎಸ್‌ಸಿ ನರ್ಸಿಂಗ್ ಓದಿ ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಹುಡುಗ ನರ್ಸ್ ಎಂದು ತಿಳಿದ ಮೇಲೆ ಎರಡು ಸಂಬಂಧಗಳು ಮುರಿದಿದ್ದವು. ನಿದ್ರೆಯಿಲ್ಲ, ಕೆಲಸ ಬಿಡುತ್ತೇನೆ ಎಂದರು. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿ ಪರೀಕ್ಷೆಯನ್ನೂ ಬರೆದಿದ್ದರು. ಅಲ್ಲಿ ಮಹಿಳೆಯರಿಗೆ ಶೇ 80, ಪುರುಷರಿಗೆ ಶೇ 20 ಹುದ್ದೆ. 'ಇದು ನನ್ನ ಜಾಗವಲ್ಲವೆಂದು ಸರ್ಕಾರವೇ ಹೇಳಿದ ಹಾಗಿದೆ' ಎಂದರು.

ಎರಡನೆಯ ಭೇಟಿಗೆ ಅವರ ತಂದೆಯೂ ಬಂದರು. ಬೇಸಾಯಗಾರರು. 'ಸರ್ಕಾರಿ ಸಂಬಳ ಸರಿ ಮೇಡಂ. ಆದರೆ ಹೆಂಗಸರ ಕೆಲಸ. ಯಾರು ಹೆಣ್ಣು ಕೊಡುತ್ತಾರೆ?' ಹೆಣ್ಣಿನ ಕಡೆಯವರಿಗೆ ಏನು ಹೇಳಿದ್ದಿರಿ ಎಂದು ಕೇಳಿದೆ. 'ಆಸ್ಪತ್ರೆಯಲ್ಲಿದ್ದಾನೆ ಎಂದಷ್ಟೇ.'

ಮಗ ತಲೆ ಎತ್ತದೆ ಹೇಳಿದರು: 'ನಾನೂ ಹಾಗೆಯೇ ಹೇಳುತ್ತೇನೆ. ಹಾಸಿಗೆಯಲ್ಲಿರುವ ರೋಗಿಯೂ ಫೋನಿನಲ್ಲಿ ಅದನ್ನೇ ಹೇಳುತ್ತಾನೆ, ಆಸ್ಪತ್ರೆಯಲ್ಲಿದ್ದೇನೆ ಎಂದು.'

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ತಂದೆಯೇ ಕೇಳಿದರು: 'ರಾತ್ರಿ ಪಾಳಿಯಲ್ಲಿ ಏನು ಮಾಡುತ್ತೀಯಪ್ಪ?' ಆರು ವರ್ಷದಲ್ಲಿ ಅವರು ಇದನ್ನು ಕೇಳಿರಲೇ ಇಲ್ಲ. ಹಾವು ಕಚ್ಚಿದವರಿಗೆ ಪ್ರತಿವಿಷ ಹನಿಸುವುದನ್ನು ಮಗ ವಿವರಿಸಿದರು. ಅದೇ ಮದ್ದು ಮೈಗೆ ಒಗ್ಗದೆ ಉಸಿರು ಕಟ್ಟಬಹುದು. ಅದಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಿಟ್ಟುಕೊಂಡು ಪಕ್ಕದಲ್ಲೇ ನಿಂತಿರಬೇಕು. ಗದ್ದೆಯಲ್ಲಿ ಬದುಕು ಕಳೆದ ಆ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ನನ್ನ ಸಲಹೆ: ನಿದ್ರೆ ಕೆಟ್ಟಿರುವಾಗ ರಾಜೀನಾಮೆಯ ತೀರ್ಮಾನ ಬೇಡ. ಮುಂದಿನ ಸಂಬಂಧದಲ್ಲಿ ಜಾತಕಕ್ಕೂ ಮೊದಲು 'ನರ್ಸ್' ಎಂಬ ಪದವನ್ನೇ ಹೇಳಿ. ವಾರ್ಡಿನಲ್ಲಿ ಮಹಿಳಾ ರೋಗಿ ನೀವು ಬೇಡವೆಂದರೆ ಸಹೋದ್ಯೋಗಿಯನ್ನು ಕರೆಯಿರಿ. ಅದು ಆಕೆಯ ಹಕ್ಕು, ನಿಮಗಾದ ಅವಮಾನವಲ್ಲ.

ಮದುವೆ ಗಟ್ಟಿಯಾಗುವವರೆಗೆ ಸುಮ್ಮನಿರಲು ಹೇಳಬಹುದಿತ್ತು ಎಂದು ನನ್ನ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಬಚ್ಚಿಟ್ಟ ಕೆಲಸವನ್ನು ಮದುವೆಯ ನಂತರವೂ ಬಚ್ಚಿಡುತ್ತಲೇ ಇರಬೇಕಾಗುತ್ತದೆ. 'ಗಂಡಸಾದರೆ ಸ್ಟ್ರೆಚರ್ ಎತ್ತಲು ಅನುಕೂಲ' ಎಂಬ ಸಮಾಧಾನವನ್ನೂ ನಾನು ಹೇಳುವುದಿಲ್ಲ. ಹೆಂಗಸರ ದುಡಿಮೆಯನ್ನು ಕೀಳೆಂದು ಎಣಿಸಿದ್ದರಿಂದಲೇ ಅದನ್ನು ಮಾಡುವ ಗಂಡಸೂ ನಮ್ಮ ಕಣ್ಣಿಗೆ ಕೀಳಾಗಿದ್ದಾನೆ. ಆ ತಂದೆಯ ಮಾತು ಮಗನಿಗಷ್ಟೇ ಅಲ್ಲ, ಅದೇ ವಾರ್ಡಿನ ಪ್ರತಿಯೊಬ್ಬ ಸಿಸ್ಟರ್‌ಗೂ ತಾಗುತ್ತದೆ.

ಮೂರನೆಯ ಸಂಬಂಧವೂ ಕೂಡಿಬರಲಿಲ್ಲ. ಮೊದಲ ಫೋನಿನಲ್ಲೇ ಬೇಡವೆಂದರಂತೆ. ತಿಂಗಳುಗಟ್ಟಲೆ ಕಾದು ಬೇಡವೆನಿಸಿಕೊಳ್ಳುವುದಕ್ಕಿಂತ ಇದು ವಾಸಿ ಎಂದರು ಆ ಯುವಕ. ಅವರಿಗೆ ಈಗ ನಿದ್ರೆ ಬರುತ್ತಿದೆ.