ಸೀಲ್ ಬದಲಿಸಿದರೂ ಆಯಿಲ್ ಸೋರುತ್ತಿದೆಯಾ? ಮೊದಲು ಬ್ರೀದರ್ ಪೈಪು ನೋಡಿ

ವಾಹನ: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಣ್ಣಾ, ನನ್ನದು 2011ರ ಸಣ್ಣ ಪೆಟ್ರೋಲ್ ಕಾರು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಆಯಿಲ್ ತೊಟ್ಟಿಕ್ಕುತ್ತದೆ. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಸೀಲ್ ಎರಡು ಸಲ ಬದಲಿಸಿ ಆಯಿತು. ಕೆಲವು ತಿಂಗಳು ಸರಿ, ಮತ್ತೆ ಅದೇ ಕಥೆ. ಈಗ ಎಂಜಿನ್ ಪೂರ್ತಿ ಬಿಚ್ಚಬೇಕು ಅನ್ನುತ್ತಿದ್ದಾರೆ. ಹಣ ಹಾಕುವುದಾ, ಗಾಡಿ ಮಾರುವುದಾ?
– ಅಡಿಕೆ ಕೃಷಿಕ, ಪೆರ್ಲ

ಉತ್ತರ: ಸದ್ಯಕ್ಕೆ ಎರಡೂ ಬೇಡ ಅಣ್ಣ. ಬಾನೆಟ್ ಎತ್ತಿ, ಟ್ಯಾಪೆಟ್ ಕವರ್, ಅಂದರೆ ಎಂಜಿನ್ ಮೇಲಿನ ಮುಚ್ಚಳದಿಂದ ಹೊರಡುವ ಹೋಸ್ ಪೈಪುಗಳನ್ನು ನೋಡಿ. ಎಂಜಿನ್ ಉಸಿರಾಡುವ ಬ್ರೀದರ್ ಪೈಪುಗಳು ಇವೇ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಎರಡು ಇರುತ್ತವೆ. ಒಂದು ಏರ್ ಫಿಲ್ಟರ್ ಕಡೆಗೆ ಹೋಗುತ್ತದೆ. ಇನ್ನೊಂದು ಪಿಸಿವಿ ಎಂಬ, ಒಳಗಿನ ಗ್ಯಾಸನ್ನು ಹದವಾಗಿ ಹೊರಬಿಡುವ ಸಣ್ಣ ವಾಲ್ವ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ ಹೋಗುತ್ತದೆ. ಸೀಲ್ ಬದಲಿಸಿದವರು ಇವನ್ನು ಬಿಚ್ಚಿ ನೋಡಿದ್ದಾರಾ ಅಂತ ಕೇಳಿ. ಒಂದೇ ಸೀಲ್ ಎರಡೆರಡು ಸಲ ಸೋರಿದರೆ ನನ್ನ ಅನುಮಾನ ಮೊದಲು ಹೋಗುವುದು ಅಲ್ಲಿಗೇ.

ಎಂಜಿನ್ ಎಷ್ಟೇ ಹೊಸದಿರಲಿ, ಉರಿದ ಗ್ಯಾಸ್ ಸ್ವಲ್ಪ ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ಇರುವ ಕ್ರ್ಯಾಂಕ್ ಕೇಸ್‌ಗೆ ನುಸುಳುತ್ತದೆ. ಅದರಲ್ಲಿ ಉರಿಯದ ಪೆಟ್ರೋಲ್ ಇದೆ, ನೀರಾವಿ ಇದೆ, ಆಯಿಲ್ ಹಬೆಯೂ ಸೇರಿಕೊಳ್ಳುತ್ತದೆ. ಮ್ಯಾನಿಫೋಲ್ಡ್‌ನ ಎಳೆತ ಇದನ್ನೆಲ್ಲ ಪಿಸಿವಿ ವಾಲ್ವ್ ಮೂಲಕ ಎಳೆದು ಮತ್ತೆ ಸುಡಲು ಕಳಿಸುತ್ತದೆ. ಏರ್ ಫಿಲ್ಟರ್ ಕಡೆಯ ಪೈಪಿನಿಂದ ಶುದ್ಧ ಗಾಳಿ ಒಳಗೆ ಬರುತ್ತದೆ. ಈ ದಾರಿ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ. ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನ ಮೇಲಿನ ಕಿಂಡಿ ಮುಚ್ಚಿದರೆ ಹೊಗೆ ಬಾಗಿಲ ಸಂದಿಯಿಂದ ನುಗ್ಗುತ್ತದಲ್ವಾ, ಹಾಗೆಯೇ ಇಲ್ಲಿ ಆಯಿಲ್ ಸೀಲ್‌ನ ತುಟಿ ದಾಟಿ ಹೊರಗೆ ಬರುತ್ತದೆ. ಹೊಸ ಸೀಲ್ ಹಾಕಿದರೂ ಒತ್ತಡ ಹಾಗೇ ಇದ್ದರೆ ಅದು ಎಷ್ಟು ದಿನ ತಡೆದೀತು?

ನೀವೇ ಮನೆಯಂಗಳದಲ್ಲಿ ನೋಡಬಹುದು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒತ್ತದೆ ಸ್ಲೋದಲ್ಲಿ ಓಡಲು ಬಿಡಿ. ಆಯಿಲ್ ಹಾಕುವ ಮುಚ್ಚಳ ತೆಗೆದು, ಆ ಬಾಯಿಗೆ ತೆಳು ಪ್ಲಾಸ್ಟಿಕ್ ಕೊಟ್ಟೆಯನ್ನು ರಬ್ಬರ್ ಬ್ಯಾಂಡ್‌ನಿಂದ ಬಿಗಿಯಾಗಿ ಕಟ್ಟಿ. ಕೊಟ್ಟೆ ಒಳಕ್ಕೆ ಎಳೆದುಕೊಂಡರೆ ಅಥವಾ ಸಡಿಲವಾಗಿ ಬಿದ್ದಿದ್ದರೆ ಒಳ್ಳೆಯದು. ಬಿಗಿಯಾಗಿ ಉಬ್ಬಿ ನಿಂತರೆ ಗ್ಯಾಸ್‌ಗೆ ಹೊರದಾರಿ ಇಲ್ಲ ಎಂದರ್ಥ. ಬೆಲ್ಟ್, ಫ್ಯಾನ್ ಕಡೆ ಕೈ, ಶಾಲು, ಮುಂಡಿನ ತುದಿ ಹೋಗದ ಹಾಗೆ ನೋಡಿಕೊಳ್ಳಿ.

ಆಮೇಲೆ ಎಂಜಿನ್ ನಿಲ್ಲಿಸಿ, ತಣಿಯಲು ಬಿಟ್ಟು, ಪಿಸಿವಿ ವಾಲ್ವ್ ತೆಗೆಯಿರಿ. ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ಸಣ್ಣ ಪಿನ್ ಟಕಟಕ ಅನ್ನಬೇಕು. ಸದ್ದೇ ಇಲ್ಲದಿದ್ದರೆ ಆಯಿಲ್ ಕರಿ ಕಟ್ಟಿ ಹಿಡಿದಿದೆ. ಅದನ್ನು ತೊಳೆದು ಮತ್ತೆ ಹಾಕುವವರಿದ್ದಾರೆ. ನಾನು ಹೊಸದೇ ಹಾಕಿ ಎನ್ನುತ್ತೇನೆ. ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ಅದರ ಬೆಲೆ ಏನೂ ಅಲ್ಲ. ಅದು ಕೂರುವ ರಬ್ಬರ್ ಬುಷ್ ಗಟ್ಟಿಯಾಗಿದ್ದರೆ ಅದನ್ನೂ ಬದಲಿಸಿ.

ಪೈಪು ತೆಗೆಯುವಾಗ ದಯವಿಟ್ಟು ಎಳೆಯಬೇಡಿ. ಹಳೇ ಪೈಪು ಅಂಟಿಕೊಂಡಿರುತ್ತದೆ. ಜೋರಾಗಿ ಎಳೆದರೆ ಟ್ಯಾಪೆಟ್ ಕವರ್‌ನ ಪ್ಲಾಸ್ಟಿಕ್ ಮೂತಿಯೇ ಮುರಿದು ಕೈಗೆ ಬರುತ್ತದೆ. ಆಮೇಲೆ ಕವರನ್ನೇ ಬದಲಿಸಬೇಕು. ಕ್ಲಿಪ್ ಹಿಂದೆ ಸರಿಸಿ, ಪೈಪನ್ನು ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ. ಬರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಹೇಗೂ ಹೊಸದು ಹಾಕುವುದಲ್ವಾ. ತೆರೆದ ಬಾಯಿಗಳಿಗೆ ಶುದ್ಧ ಬಟ್ಟೆ ತುರುಕಿ, ಕಸ ಬೀಳಬಾರದು. ಬಿಚ್ಚಿದ ಪೈಪನ್ನು ಬಗ್ಗಿಸಿ, ಬೆಳಕಿಗೆ ಹಿಡಿದು ನೋಡಿ. ಮೇಲಿನಿಂದ ಚೆನ್ನಾಗಿ ಕಂಡರೂ ತಿರುವಿನ ಅಡಿಭಾಗದಲ್ಲಿ ಸೀಳು ಇರುತ್ತದೆ. ನಮ್ಮ ಕಡೆ ತೋಟದ ನಡುವಿನ ಶೆಡ್‌ಗಳಲ್ಲಿ ಗಾಡಿ ನಿಲ್ಲುವುದರಿಂದ ಇಲಿ ಕಡಿದ ಪೈಪುಗಳನ್ನೂ ಬೇಕಾದಷ್ಟು ನೋಡಿದ್ದೇನೆ. ಮ್ಯಾನಿಫೋಲ್ಡ್ ಕಡೆಯ ಪೈಪು ಸೀಳಿದ್ದರೆ ಸುಯ್ ಎಂಬ ಸದ್ದು ಬರುತ್ತದೆ, ಸ್ಲೋ ಏರಿಳಿಯುತ್ತದೆ. ಕೆಲವು ಕಾರುಗಳಲ್ಲಿ ಚೆಕ್ ಎಂಜಿನ್ ದೀಪ ಉರಿದು, ಸ್ಕ್ಯಾನರ್‌ನಲ್ಲಿ ಪಿ0171 ಎಂದು ಬರುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂಬುದರ ಕೋಡ್ ಅದು.

ಹೊಸ ವಾಲ್ವ್, ಹೊಸ ಪೈಪು ಹಾಕಿ, ಆಯಿಲ್ ಮಟ್ಟ ಡಿಪ್ ಸ್ಟಿಕ್‌ನ (ಆಯಿಲ್ ಅಳೆಯುವ ಕಡ್ಡಿಯ) ಮೇಲಿನ ಗೆರೆ ದಾಟಿಲ್ಲ ಎಂದು ಖಾತ್ರಿ ಮಾಡಿ, ಮತ್ತೆ ಕೊಟ್ಟೆ ಕಟ್ಟಿ ನೋಡಿ. ಆಗಲೂ ಉಬ್ಬಿದರೆ ರಿಂಗ್ ಸವೆದಿರಬಹುದು. ಆಗ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಸಿ. ಅಳತೆ ಕೈಯಲ್ಲಿ ಇಲ್ಲದೆ ಎಂಜಿನ್ ಬಿಚ್ಚಲು ಒಪ್ಪಬೇಡಿ. ಉಬ್ಬದಿದ್ದರೆ ಸೀಲನ್ನು ಇನ್ನೊಂದು ಸಲ ಬದಲಿಸಿ. ಈ ಸಲ ಅದು ನಿಲ್ಲುತ್ತದೆ.

ಪ್ರಶ್ನೆ: ಬ್ರೀದರ್‌ಗೆ ಕಂಪೆನಿ ಪೈಪು ಸಿಗಲು ತಡವಂತೆ. ರೇಡಿಯೇಟರ್ ಹೀಟರ್ ಪೈಪಿನ ತುಂಡು ಹಾಕಬಹುದಾ? ನಮ್ಮದೇ ರಬ್ಬರ್ ತೋಟ ಇದೆ, ರಬ್ಬರ್ ಅಂದರೆ ಎಲ್ಲ ಒಂದೇ ಅಲ್ವಾ?
– ರಬ್ಬರ್ ಬೆಳೆಗಾರ, ಬದಿಯಡ್ಕ

ಉತ್ತರ: ಒಂದೇ ಅಲ್ಲ ಮಾವ. ನಿಮ್ಮ ಮರದ ಹಾಲಿನ ರಬ್ಬರ್ ಟಯರ್‌ಗೆ ಬಹಳ ಒಳ್ಳೆಯದು. ಆದರೆ ಎಂಜಿನ್ ಆಯಿಲ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಕೂಲೆಂಟ್ (ಎಂಜಿನ್ ತಣಿಸುವ ನೀರು) ಪೈಪಿಗೆ ಸಾಮಾನ್ಯವಾಗಿ ಬಳಸುವುದು ಇಪಿಡಿಎಂ ಎಂಬ ಕೃತಕ ರಬ್ಬರ್. ಬಿಸಿನೀರಿಗೆ ಅದು ಗಟ್ಟಿ, ಆಯಿಲ್‌ಗೆ ಅಲ್ಲ. ಹಾಕಿದ ದಿನ ಚೆಂದ ಕೂರುತ್ತದೆ. ಆಮೇಲೆ ಮೆತ್ತಗಾಗಿ, ಎಳೆತಕ್ಕೆ ಒಳಗೊಳಗೇ ಚಪ್ಪಟೆಯಾಗಿ ದಾರಿ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ.

ಅಂಗಡಿಯಲ್ಲಿ ಆಯಿಲ್ ತಡೆಯುವ ನೈಟ್ರೈಲ್ ಹೋಸ್ ಎಂದೇ ಕೇಳಿ. ಹಳೆಯ ತುಂಡು ತೆಗೆದುಕೊಂಡು ಹೋಗಿ, ಒಳಗಿನ ಅಳತೆ ಸರಿಹೊಂದಬೇಕು. ದಪ್ಪ ಗೋಡೆಯದು, ಒಳಗೆ ನೂಲಿನ ನೇಯ್ಗೆ ಇರುವುದು ಬೇಕು. ನೇರ ಪೈಪನ್ನು ಚಿಕ್ಕ ತಿರುವಿನಲ್ಲಿ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ. ಅಂಥ ಜಾಗಕ್ಕೆ ಕಂಪೆನಿಯ ಅಚ್ಚಿನ ಪೈಪೇ ಬರಲಿ, ಕಾಯಿರಿ. ಸ್ಕ್ರೂ ಕ್ಲಿಪ್ ಹಾಕುವುದಾದರೆ ಪ್ಲಾಸ್ಟಿಕ್ ಮೂತಿಯ ಮೇಲೆ ಹದವಾಗಿ ಬಿಗಿಯಿರಿ.

ಪ್ರಶ್ನೆ: ಮನೆಯಿಂದ ಶಾಲೆಗೆ 2 ಕಿಲೋಮೀಟರ್. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಅಡಿಯಲ್ಲಿ ಬಿಳಿ ಬೆಣ್ಣೆಯಂಥದ್ದು ಕಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಿಸಿದ್ದಾರೆ.
– ಅಧ್ಯಾಪಿಕೆ, ಮುಳ್ಳೇರಿಯ

ಉತ್ತರ: ಈಗಲೇ ಹೆದರಬೇಡಿ ಟೀಚರ್. ಹೆಡ್ ಗ್ಯಾಸ್ಕೆಟ್ ಅಂದರೆ ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಪದರ. 2 ಕಿಲೋಮೀಟರಿನಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಾವಿ ತಣ್ಣನೆಯ ಮುಚ್ಚಳಕ್ಕೆ ತಾಗಿ, ಆಯಿಲ್ ಜತೆ ಬೆರೆತು ಹಾಗಾಗುತ್ತದೆ. ಡಿಪ್ ಸ್ಟಿಕ್ ತೆಗೆದು ನೋಡಿ. ಅಲ್ಲಿ ಆಯಿಲ್ ಸಹಜ ಬಣ್ಣದಲ್ಲಿದ್ದು, ಕೂಲೆಂಟ್ ಕಡಿಮೆಯಾಗದಿದ್ದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಬೇಡ. ಆಯಿಲೇ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ಹೇಳಿ.

ಮುಚ್ಚಳ ಒರೆಸಿ. ವಾರಕ್ಕೊಮ್ಮೆ ಕಾಸರಗೋಡಿಗೋ ಸುಳ್ಯಕ್ಕೋ ಹೋಗಿ ಬನ್ನಿ, ಅರ್ಧ ಗಂಟೆಯಾದರೂ ಬಿಸಿಯಲ್ಲಿ ಓಡಲಿ. ಅದೇ ಬೆಣ್ಣೆ ಬ್ರೀದರ್ ಪೈಪಿನೊಳಗೂ ಕಟ್ಟಿ ದಾರಿ ಮುಚ್ಚುತ್ತದೆ. ಆದ್ದರಿಂದ ಸರ್ವಿಸ್ ವೇಳೆ ಆ ಪೈಪು ಬಿಚ್ಚಿ, ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಲು ಹೇಳಿ.

ಪ್ರಶ್ನೆ: ಟರ್ಬೊ ಡೀಸೆಲ್ ಗಾಡಿ. ಏರ್ ಪೈಪಿಗೆ ಆಯಿಲ್ ಬರುತ್ತದೆ ಎಂದು ಬ್ರೀದರ್ ಪೈಪು ಕಿತ್ತು ಕೆಳಗೆ ನೇತುಬಿಟ್ಟಿದ್ದಾರೆ. ತೊಂದರೆ ಇದೆಯಾ?
– ಚಾಲಕ, ಉಪ್ಪಳ

ಉತ್ತರ: ಇದೆ, ಇವತ್ತೇ ಸರಿ ಮಾಡಿಸಿ. ಹಿಂದೆ ಹೆಚ್ಚಿನ ಗಾಡಿಗಳಲ್ಲಿ ಹೀಗೇ ಒಂದು ನಳಿಕೆ ರಸ್ತೆಯ ಕಡೆ ಮುಖ ಮಾಡಿ ಇರುತ್ತಿತ್ತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ತಡೆಯಲಾಗದೆ ಅದನ್ನು ಮುಚ್ಚಿ, ಗ್ಯಾಸನ್ನು ಎಂಜಿನ್‌ನಲ್ಲೇ ಸುಡುವ ವ್ಯವಸ್ಥೆ ತಂದರು. ಈಗ ನಿಮ್ಮ ಗಾಡಿಯ ವಿಷ ಹೊಗೆ ಹಿಂದೆ ಬರುವ ಬೈಕಿನವರ ಮುಖಕ್ಕೆ ಹೋಗುತ್ತಿದೆ.

ಟರ್ಬೊ ಕಡೆಯ ಏರ್ ಪೈಪಿನಲ್ಲಿ ಬ್ರೀದರ್ ಕಿತ್ತ ತೂತು ತೆರೆದೇ ಇದೆಯಾ ನೋಡಿ. ಇದ್ದರೆ ಏರ್ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಮುರಕಲ್ಲು ಕ್ವಾರಿಯ ರಸ್ತೆಯ ಕೆಂಪು ಧೂಳು ನೇರ ಒಳಗೆ ಹೋಗಿ ಟರ್ಬೊ ರೆಕ್ಕೆಯನ್ನೂ ರಿಂಗನ್ನೂ ತಿನ್ನುತ್ತದೆ. ಏರ್ ಪೈಪಿನಲ್ಲಿ ತೆಳ್ಳಗೆ ಆಯಿಲ್ ಪಸೆ ಇರುವುದು ಸಹಜ. ಹನಿಹನಿಯಾಗಿ ನಿಂತಿದ್ದರೆ ಬ್ರೀದರ್ ಗ್ಯಾಸ್‌ನಿಂದ ಆಯಿಲನ್ನು ಬೇರೆ ಮಾಡುವ ಸೆಪರೇಟರ್ ಕಟ್ಟಿರಬಹುದು, ಟರ್ಬೊ ಸೀಲ್ ಹೋಗಿರಬಹುದು, ಇಲ್ಲವೇ ಆಯಿಲ್ ಜಾಸ್ತಿ ಹಾಕಿರಬಹುದು. ಅದನ್ನು ಮುಂದೂಡಬೇಡಿ. ಒಳಗೆ ಆಯಿಲ್ ಜಾಸ್ತಿ ಹೋದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಸುಟ್ಟು ಓಡತೊಡಗುತ್ತದೆ. ಕೀ ತಿರುಗಿಸಿದರೂ ಆಗ ನಿಲ್ಲುವುದಿಲ್ಲ. ಸೆಪರೇಟರ್ ಬಿಚ್ಚಿಸಿ ನೋಡಿ, ಪೈಪನ್ನು ಅದರ ಜಾಗಕ್ಕೇ ಕೂರಿಸಿ, ಏರ್ ಫಿಲ್ಟರ್ ಹೊಸದು ಹಾಕಿಸಿ.